ಜಾಡು ನೋಡುವವನು

ಜಾಡು ನೋಡುವವನು ಬೇಟೆಗಾರರಲ್ಲೇ ಒಂದು ಬೇರೆ ಪಂಗಡ. ಬೇಟೆಗೆಂದೇ ಸುಮಾರು 15 ಲಕ್ಷ ಎಕರೆ ಸರ್ಕಾರಿ ಕಾಡಿರುವ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಈತ ಧಾರಾಳವಾಗಿ ಸಿಗುತ್ತಾನೆ. ಅಲ್ಲಿ ಬಿಳಿಬಾಲದ ಜಿಂಕೆಯನ್ನು ಕೋವಿಯಿಂದ ಹೊಡೆಯುವ ಋತು ಥ್ಯಾಂಕ್ಸ್‌ಗಿವಿಂಗ್ ಹಬ್ಬದ ನಂತರದ ಶನಿವಾರ ಶುರುವಾಗುತ್ತದೆ. 2019ಕ್ಕೆ ಮುಂಚೆ ಅದು ಸೋಮವಾರವಿತ್ತು. ಹಳಬರ ಗೊಣಗಾಟ ಇನ್ನೂ ನಿಂತಿಲ್ಲ. ಈತನ ಋತು ಮಾತ್ರ ಸೆಪ್ಟೆಂಬರಿನಲ್ಲೇ ಆರಂಭವಾಗಿ, ನಿಜ ಹೇಳಬೇಕೆಂದರೆ, ಬೇಟೆ ಶುರುವಾದ ದಿನ ಮುಗಿಯುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ತರುವಾಯ ಕರ್ನಾಟಕದಲ್ಲಿ ಈ ಪಂಗಡಕ್ಕೆ ಎಡೆಯಿಲ್ಲ. ಇಲ್ಲಿನ ಹತ್ತಿರದ ನಂಟನೆಂದರೆ, ಭಾನುವಾರ ಬಂತೆಂದರೆ ಸೈಟು ನೋಡಲು ಹೊರಟು, ಬೋರ್‌ವೆಲ್ ನೀರಿನ ರುಚಿಯನ್ನೂ ನೋಡಿ, ಅಡ್ವಾನ್ಸ್ ಮಾತ್ರ ಎಂದೂ ಕೊಡದವನು.

ಜಿಂಕೆಯ ಮೂಗು ಬಲು ಚುರುಕು. ಆದ್ದರಿಂದ ಈತ ಬಟ್ಟೆಯನ್ನು ವಾಸನೆಯಿಲ್ಲದ ಸೋಪಿನಲ್ಲಿ ತೊಳೆದು, ರಬ್ಬರ್ ಬೂಟು ತೊಟ್ಟು, ಗಾಳಿ ಯಾವ ಕಡೆಗೆಂದು ತಿಳಿಯಲು ಎಕ್ಕದ ಬಳಗದ ಗಿಡವೊಂದರ ಹತ್ತಿಯನ್ನು ಜೇಬಿನಲ್ಲಿ ಇಟ್ಟುಕೊಳ್ಳುತ್ತಾನೆ. ಇಷ್ಟೆಲ್ಲ ಮಡಿ ಮಾಡಿ ಕಾಡಿನ ಅಂಚಿಗೆ ಬಂದ ಮೇಲೆ ಟ್ರಕ್ಕಿನಲ್ಲೇ ಕೂತು ಈರುಳ್ಳಿ ಹಾಕಿದ ಬರ್ಗರ್ ತಿನ್ನುತ್ತಾನೆ.

ಮಳೆ ಕೈಕೊಟ್ಟ ವರ್ಷ ಈತನಿಗೆ ಸುಗ್ಗಿ. ತೊರೆ ಬತ್ತಿ ಎರಡೋ ಮೂರೋ ಗುಂಡಿಗಳಲ್ಲಿ ಮಾತ್ರ ನೀರು ಉಳಿಯುತ್ತದೆ. ಕಾಡಿನ ಜಿಂಕೆಯೆಲ್ಲ ಅಲ್ಲಿಗೇ ಬರಬೇಕು. ಕೆಸರಿನಲ್ಲಿ ಗೊರಸಿನ ಗುರುತು, ದಡದಲ್ಲಿ ಹಿಕ್ಕೆ, ಪಕ್ಕದ ಗಿಡದ ಮೇಲೆ ಕೊಂಬು ಉಜ್ಜಿದ ಗಾಯ. ತೊಂದರೆ ತರಗೆಲೆಯದು: ಒಂದೊಂದು ಹೆಜ್ಜೆಗೂ ಹಪ್ಪಳ ಮುರಿದ ಸದ್ದು. ಅದೇ ಎಲೆಯ ಮೇಲೆ ಅಳಿಲು ಓಡಿದರೆ ಆನೆ ಬಂದಂತೆ ಕೇಳುತ್ತದೆ, ಜಿಂಕೆ ನಡೆದರೆ ಕೇಳುವುದೇ ಇಲ್ಲ. ಓಕ್ ಮರದಡಿ ಬಿದ್ದ ಕಾಯಿಯನ್ನು ಈತ ಅಗಿದೂ ನೋಡುತ್ತಾನೆ. ಬಿಳಿ ಓಕಿನದು ಕಡಿಮೆ ಒಗರು, ಜಿಂಕೆಗೆ ಇಷ್ಟ. ಕೆಂಪು ಓಕಿನದು ಎಳೆ ಅಡಿಕೆಯಂತೆ ಬಾಯಿ ಹಿಡಿಯುತ್ತದೆ. ಅಗಿಯದೆಯೂ, ಎಲೆಯ ಅಂಚು ನೋಡಿ ಮರ ಯಾವುದೆಂದು ಹೇಳಬಹುದು. ಆದರೆ ಅದರಲ್ಲಿ ತಪಸ್ಸಿಲ್ಲ.

ನೀರಿನ ಗುಂಡಿಗೆ ಮುಖಮಾಡಿ ಮರಕ್ಕೆ ಕ್ಯಾಮೆರಾ ಕಟ್ಟುತ್ತಾನೆ. ವಾರದ ಮೇಲೆ ತೆಗೆದರೆ ಅಳಿಲು, ರಕೂನ್, ಗಾಳಿಗೆ ಆಡಿದ ಜರಿಗಿಡ, ಮತ್ತು ಕ್ಯಾಮೆರಾ ತೆಗೆಯಲು ಬಂದ ಈತನದೇ ಮುಖ. ನಡುರಾತ್ರಿಯ ಒಂದೇ ಒಂದು ಚಿತ್ರದಲ್ಲಿ ಗಂಡು ಜಿಂಕೆ. 2002ರಿಂದ ಸಾಮಾನ್ಯವಾಗಿ ಒಂದು ಪಕ್ಕದ ಕೊಂಬಿಗೆ ಮೂರು ಕವಲಾದರೂ ಇರದಿದ್ದರೆ ಗಂಡನ್ನು ಹೊಡೆಯುವಂತಿಲ್ಲ. ಆದ್ದರಿಂದ ಊಟದ ಮೇಜಿನ ಮೇಲೆ ಭೂತಗನ್ನಡಿ ಹಿಡಿದು ಕವಲು ಎಣಿಸುವುದು, ಜಿಂಕೆಗೆ ಹೆಸರಿಡುವುದು. ಹೆಂಡತಿಯ ತಮ್ಮನ ಮಕ್ಕಳ ಹೆಸರು ಈತನ ಬಾಯಿಗೆ ಇಷ್ಟು ಸಲೀಸಾಗಿ ಬರುವುದಿಲ್ಲ.

ಬರಗಾಲ ಎಲ್ಲ ಸಲವೂ ಸುಗ್ಗಿಯಲ್ಲ. ನೀರು ಇಳಿದು ತೆರೆದ ಕೆಸರಿನಲ್ಲಿ ನುಸಿ ಹುಟ್ಟಿ, ಅದು ಕಚ್ಚಿ ಇಎಚ್‌ಡಿ ಎಂಬ ಜಿಂಕೆ ರೋಗ ಹರಡುತ್ತದೆ. ಜ್ವರ ಬಂದ ಜಿಂಕೆ ನೀರಿನ ಬಳಿ ಹೋಗಿ ಸಾಯುತ್ತದೆ. ಚಳಿಗೆ ಇಬ್ಬನಿ ಹೆಪ್ಪುಗಟ್ಟಿ ನುಸಿ ಸಾಯುವ ತನಕ ಇದು ನಿಲ್ಲದು. ಅಂಥ ಹೆಣ ಕಂಡ ದಿನ ಈತ ವನ್ಯಜೀವಿ ಇಲಾಖೆಗೆ ಫೋನು ಮಾಡಿ, ಯಾರೊಡನೆಯೂ ಮಾತಾಡದೆ ಮನೆಗೆ ಬರುತ್ತಾನೆ. ಕೊಲ್ಲಲೆಂದೇ ಹುಡುಕುತ್ತಿದ್ದವನ ಈ ದುಃಖವನ್ನು ಹೊರಗಿನವರಿಗೆ ವಿವರಿಸುವುದು ಕಷ್ಟ, ಆದರೆ ಅದು ನಾಟಕವಲ್ಲ.

ಗುಂಡಿ ಎಲ್ಲಿದೆಯೆಂದು ಹೆತ್ತ ತಂದೆ ಕೇಳಿದರೂ ಹೇಳುವುದಿಲ್ಲ. "ಆ ಕಡೆ" ಎನ್ನುತ್ತಾನೆ. ಟ್ರಕ್ಕು ನಿಲ್ಲಿಸುವುದು ಅರ್ಧ ಮೈಲಿ ದೂರದಲ್ಲಿ. ಅಲ್ಲಿ ಎದುರಾದ ಇನ್ನೊಬ್ಬನಿಗೂ ಕಾಲಲ್ಲಿ ರಬ್ಬರ್ ಬೂಟು, ಜೇಬಿನಲ್ಲಿ ಹತ್ತಿ. ಅಣಬೆ ಹುಡುಕುತ್ತಿದ್ದೆ ಎಂದು ಈತ, ನಾಯಿಯನ್ನು ಅಡ್ಡಾಡಿಸುತ್ತಿದ್ದೆ ಎಂದು ಆತ. ಅಣಬೆಯೂ ಇಲ್ಲ, ನಾಯಿಯೂ ಇಲ್ಲ.

ನವೆಂಬರಿನಲ್ಲಿ ಮಳೆ ಬರುತ್ತದೆ. ತೊರೆ ತುಂಬುತ್ತದೆ, ಓಕಿನ ಕಾಯಿ ಖಾಲಿಯಾಗಿರುತ್ತದೆ, ಜಿಂಕೆಗೆ ಆ ಗುಂಡಿಯ ಹಂಗು ತೀರುತ್ತದೆ. ಬೇಟೆ ಶುರುವಾಗುವ ಆ ಶನಿವಾರ ನಸುಕಿನಲ್ಲಿ ಈತ ಕಾನೂನಿನಂತೆ 250 ಚದರ ಅಂಗುಲ ಹೊಳೆಯುವ ಕಿತ್ತಳೆ ಬಣ್ಣ ತೊಟ್ಟು ಗುಂಡಿಯ ಎದುರು ಕೂರುತ್ತಾನೆ. ಬೆಳಕು ಹರಿದಾಗ ಸುತ್ತಲ ಮರಗಳ ನಡುವೆ ಇನ್ನೂ ನಾಲ್ಕು ಕಿತ್ತಳೆ ಟೋಪಿಗಳು ಕಾಣುತ್ತವೆ. ಸಂಜೆ ಗೊತ್ತಾಗುತ್ತದೆ: ಹೆಸರಿಟ್ಟ ಜಿಂಕೆಯನ್ನು, ಜಾಡೇ ನೋಡದೆ, ಟ್ರಕ್ಕು ನಿಲ್ಲಿಸುವ ಜಾಗದ ಪಕ್ಕದಲ್ಲೇ ಕೂತಿದ್ದ ಹದಿನಾಲ್ಕರ ಹುಡುಗನೊಬ್ಬ ಹೊಡೆದಿದ್ದಾನೆ.

ಫೆಬ್ರವರಿಯ ಹಿಮದಲ್ಲಿ ಜಾಡು ಇನ್ನೂ ಚೆನ್ನಾಗಿ ಕಾಣುತ್ತದೆ, ಉದುರಿದ ಕೊಂಬೂ ಸಿಗುತ್ತದೆ. ಈತ ಆಗಲೇ ಹೊರಟಿರುತ್ತಾನೆ.