ಮೆದುನೀರಿನ ರಾಯರು

ನಮ್ಮ ಅಪಾರ್ಟ್‌ಮೆಂಟಿನ ಬೋರ್‌ವೆಲ್ ನೀರಿನಲ್ಲಿ ಸೋಪು ನೊರೆಯಾಗದು. ಬಕೆಟ್ಟಿನ ಅಂಚಿಗೆ ವಾರದೊಳಗೆ ಬಿಳಿ ಸುಣ್ಣ ಕಟ್ಟುತ್ತದೆ. ಇಂಥ ನೀರಿರುವ ಬೆಂಗಳೂರಿನ ಮನೆಯಲ್ಲಿ ಮೆದುನೀರಿನ ಗಿಡಗಳನ್ನೇ ಬೆಳೆಸುತ್ತೇನೆಂದು ಹಟ ಹಿಡಿದವರು ಮೂರನೇ ಮಹಡಿಯ ರಾಯರು. ರಿಟೈರಾದ ಮೇಲೆ ಕೆಲವರಿಗೆ ಷೇರಿನ ಹುಚ್ಚು, ಕೆಲವರಿಗೆ ಪ್ರವಚನದ ಹುಚ್ಚು, ರಾಯರಿಗೆ ಅಕ್ವೇರಿಯಂ. ಅದರಲ್ಲಿ ಮೀನು ಮಾತ್ರ ಇಲ್ಲ. "ಮೊದಲು ಗಿಡ ಬೇರೂರಲಿ ಸ್ವಾಮಿ, ಮೀನಿಗೇನವಸರ?"

ಅಂಗಿಯ ಜೇಬಿನಲ್ಲಿ ಪೆನ್ನಿನ ಜಾಗಕ್ಕೆ ಟಿಡಿಎಸ್ ಮೀಟರು ಬಂದಿದೆ. ಯಾರ ಮನೆಗೆ ಹೋದರೂ ಕೊಟ್ಟ ನೀರನ್ನು ಕುಡಿಯುವ ಮೊದಲು ಅದರಲ್ಲೊಮ್ಮೆ ಅದ್ದುತ್ತಾರೆ. ಒಂದು ಗೃಹಪ್ರವೇಶದಲ್ಲಿ ತೀರ್ಥಕ್ಕೂ ಅದ್ದಲು ಹೋದಾಗ ಪುರೋಹಿತರು ಪಂಚಪಾತ್ರೆಯನ್ನೇ ಹಿಂದಕ್ಕೆಳೆದುಕೊಂಡರು. ಆ ಮೀಟರು ಕರಗಿದ ಲವಣಗಳನ್ನೆಲ್ಲ ಒಟ್ಟಿಗೆ ಅಂದಾಜು ಮಾಡುತ್ತದೆಯೇ ಹೊರತು, ನೀರನ್ನು ಗಡಸು ಮಾಡುವ ಕ್ಯಾಲ್ಸಿಯಂ, ಮೆಗ್ನೀಷಿಯಂ ಎಷ್ಟೆಂದು ಬೇರೆಯಾಗಿ ಹೇಳುವುದಿಲ್ಲ. ಇದನ್ನು ರಾಯರೆದುರು ಆಡುವ ಧೈರ್ಯ ನಮಗಾರಿಗೂ ಇಲ್ಲ.

ಗಿಡದ ವಿಷಯದಲ್ಲಿ ಮಾತ್ರ ಅವರ ಮಾತು ತೆಗೆದುಹಾಕುವಂತಿಲ್ಲ. "ಜಾವಾ ಫರ್ನ್, ಅನುಬಿಯಾಸ್ ಎರಡರ ಗೆಡ್ಡೇನೂ ಮರಳಲ್ಲಿ ಹೂಳಬಾರದು, ಕೊಳೆಯುತ್ತೆ" ಎನ್ನುತ್ತ, ಹೆಂಡತಿಯ ಹೊಲಿಗೆ ಡಬ್ಬಿಯಿಂದ ಎತ್ತಿದ ಕಪ್ಪು ದಾರದ ತುದಿಯನ್ನು ಹಲ್ಲಲ್ಲಿ ಕಚ್ಚಿಕೊಂಡು, ಮರದ ತುಂಡಿಗೆ ಅವನ್ನು ಮಲ್ಲಿಗೆ ಕಟ್ಟಿದ ಹಾಗೆ ಕಟ್ಟುತ್ತಾರೆ. ಕ್ರಿಪ್ಟೊಕೊರೈನ್ ನೆಟ್ಟ ಹೊಸತರಲ್ಲಿ ಎಲೆಯೆಲ್ಲ ಕರಗಿ ಲೋಳೆಯಾದಾಗಲೂ ಕೀಳಲಿಲ್ಲ. "ಬೇರು ಬದುಕಿದೆ" ಎಂದು ಕಾದರು, ಚಿಗುರಿತು.

ವ್ಯಾಲಿಸ್ನೇರಿಯಾಕ್ಕೆ ಮಾತ್ರ ಪ್ರವೇಶವಿಲ್ಲ. ಗಡಸು ನೀರಿನ ಬೈಕಾರ್ಬೊನೇಟಿನಿಂದಲೇ ಇಂಗಾಲ ಹೀರಬಲ್ಲ ಆ ಗಿಡ ನಮ್ಮ ಬೋರ್‌ವೆಲ್ಲಿಗೆ ಹೇಳಿ ಮಾಡಿಸಿದ್ದು. ನಾನಾಗಿದ್ದರೆ ಅದನ್ನೇ ನೆಟ್ಟು ಕೈತೊಳೆದುಕೊಳ್ಳುತ್ತಿದ್ದೆ. ರಾಯರಿಗೆ ಬೇಕಾದದ್ದು ಕೆಂಪು ರೊಟಾಲಾ ಮ್ಯಾಕ್ರಾಂಡ್ರಾ. ಜೋರು ಬೆಳಕು, ಕಾರ್ಬನ್ ಡೈಆಕ್ಸೈಡ್ ಸಿಲಿಂಡರು, ಮೆದುನೀರು ಎಲ್ಲವನ್ನೂ ಕೇಳುವ ಜಂಬದ ಗಿಡ. "ಪಶ್ಚಿಮಘಟ್ಟದ್ದು ರೀ ಅದು. ನಾನೂ ತೀರ್ಥಹಳ್ಳಿಯವನೇ ಅಲ್ವೆ?" ಊರಿನ ಗಿಡಕ್ಕೆ ಸುಣ್ಣದ ನೀರು ಕೊಡುವುದುಂಟೆ? ಅಡುಗೆಮನೆಯ ಆರ್‌ಓ ಯಂತ್ರಕ್ಕೆ ಪೈಪು ಬಿತ್ತು. ಆರ್‌ಓ ನೀರಿನಲ್ಲಿ ಲವಣವೇ ಹೆಚ್ಚು ಉಳಿಯದು, ಗಿಡಕ್ಕೆ ಅದೂ ಒಂದಿಷ್ಟು ಬೇಕು. ಹಾಗಾಗಿ ಅಂಗಡಿಯಿಂದ ಲವಣದ ಪುಡಿ ತಂದು ಬೆರೆಸುತ್ತಾರೆ. ತೆಗೆಯೋಕೂ ದುಡ್ಡು, ಹಾಕೋಕೂ ದುಡ್ಡು. ಗಡಸುತನ 4 ಡಿಗ್ರಿ ದಾಟಬಾರದೆಂದು ಕಟ್ಟಪ್ಪಣೆ. ಅಳೆಯುವುದು ಮತ್ತದೇ ಮೀಟರಿನಿಂದ.

ಗಡಸು ನೀರಿನಲ್ಲಿ ತೊಗರಿಬೇಳೆಯೂ ಬೇಗ ಬೇಯುವುದಿಲ್ಲ.

"ರೀ, ಒಂದು ಚೊಂಬು ಆರ್‌ಓ ನೀರು ಬಿಡ್ರೀ, ಬೇಳೆ ಹಾಗೇ ಕೂತಿದೆ."

"ಇವತ್ತು ಟ್ಯಾಂಕಿನ ನೀರು ಬದಲಾಯಿಸೋ ದಿನ ಕಣೇ. ಚಿಟಿಕೆ ಸೋಡಾ ಹಾಕು."

ಮೊನ್ನೆ ಆರ್‌ಓ ಸರ್ವಿಸಿನ ಹುಡುಗ ಬಂದ. ಮೆಂಬ್ರೇನ್ ಬಿಚ್ಚಿ, ತಿರುಗಿಸಿ ನೋಡಿ, "ಇಷ್ಟು ಬೇಗ ಹೋಗಬಾರದಿತ್ತಲ್ಲಮ್ಮ. ಮನೇಲಿ ಎಷ್ಟು ಜನ?" ಎಂದ.

"ನಾವಿಬ್ಬರೇ ಕಣಪ್ಪ" ಎಂದರು ಆಕೆ. "ಯಜಮಾನರ ಊರಿನ ಕಡೆಯವರು ಹಾಲ್‌ನಲ್ಲಿ ಇಳ್ಕೊಂಡಿದಾರೆ."