ಸಂದರ್ಶನದ ದಿನದ ಗೃಹಮೀಮಾಂಸೆ

ಯುವ ಗಾಯಕಿಯ ಸಂದರ್ಶನವೆಂದರೆ ಗಾಯಕಿಯದೇ ಸಂದರ್ಶನ ಎಂಬುದು ಲೋಕರೂಢಿ. ಮಲ್ಲೇಶ್ವರ, ಜಯನಗರಗಳ ಮನೆಗಳಿಗೆ ಟಿವಿಯವರು ಬಂದುಹೋಗುವ ದಿನವನ್ನು ಪ್ರತ್ಯಕ್ಷ, ಅನುಮಾನ, ಶಬ್ದ ಎಂಬ ಪ್ರಮಾಣಗಳಿಂದ ಒರೆಗೆ ಹಚ್ಚಿದರೆ ಈ ರೂಢಿ ನಿಲ್ಲುವುದಿಲ್ಲ. ಅಂದು ಸಂದರ್ಶನ ಕೊಡುವುದು ಮನೆ. ಹಾಡುವ ಹುಡುಗಿ ನಿಮಿತ್ತಮಾತ್ರ. ಇದು ಪ್ರಸ್ತುತ ಸಿದ್ಧಾಂತ.

ಮೊದಲು ಪ್ರತ್ಯಕ್ಷ. ಬೆಳಿಗ್ಗೆ ಆರಕ್ಕೇ ಬೀರುವಿನ ಮೇಲಿಂದ ತಂಬೂರಿ ಇಳಿಯುತ್ತದೆ. ಗವಸು ಬಿಚ್ಚಿ, ಬುರುಡೆಗೆ ಕೊಬ್ಬರಿ ಎಣ್ಣೆ ಸವರಿ, ದಿವಾನದ ಹಿಂದೆ ಓರೆಯಾಗಿ ನಿಲ್ಲಿಸುತ್ತಾರೆ. ಹತ್ತಿರ ಹೋಗಿ ನೋಡಿದರೆ ಒಂದು ತಂತಿ ಜೋಲುಬಿದ್ದಿದೆ. ಕುದುರೆಯ ಮೇಲೆ ತಂತಿಯಡಿ ಇರಬೇಕಾದ ನೂಲೆಳೆಯಂತೂ ಇಲ್ಲವೇ ಇಲ್ಲ. ನಾದದ ಹೊಣೆಯೆಲ್ಲ ದಿಂಬಿನ ಹಿಂದೆ ಅಡಗಿಸಿಟ್ಟ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆಯದು. 1970ರ ದಶಕದ ಕೊನೆಯಲ್ಲಿ ಬೆಂಗಳೂರಿನಲ್ಲೇ ಹುಟ್ಟಿದ ಆ ಪೆಟ್ಟಿಗೆಯನ್ನು ಊರಿನ ಹೆಮ್ಮೆಯೆಂದು ಮುಂದಿಡಬಹುದಿತ್ತು. ಆದರೆ ಅದಕ್ಕೆ ಕ್ಯಾಮೆರಾಗೆ ಒಪ್ಪುವ ಮುಖವಿಲ್ಲ. ಮೈಕಿಗೆ ಸದ್ದು ತಾಗುತ್ತದೆಂದು ಫ್ಯಾನು, ಫ್ರಿಜ್ಜು ಎರಡೂ ಬಂದ್. ಮೂರನೇ ಸೀಟಿ ಕೂಗುವ ಮೊದಲೇ ಕುಕ್ಕರಿನಡಿ ಒಲೆ ಆರುತ್ತದೆ, ಬೇಳೆ ಅರೆಬೆಂದೇ ಉಳಿಯುತ್ತದೆ. ಪಕ್ಕದ ಮನೆಯ ಮಿಕ್ಸಿ ನಿಲ್ಲಿಸಿ ಬರಲು ತಮ್ಮನನ್ನು ಅಟ್ಟಿದ್ದಾರೆ. ಇಷ್ಟು ಗಡಿಬಿಡಿಯ ನಡುವೆ ಹುಡುಗಿಗೆ ಯಾರಾದರೂ ಏನನ್ನಾದರೂ ಕೇಳಿದ್ದರೆ ಅದು ಒಂದೇ: ‘ಮೈಸೂರು ಸಿಲ್ಕ್ ಯಾಕೆ ಉಡಲಿಲ್ಲ?’

ಶಬ್ದಪ್ರಮಾಣ ಇನ್ನೂ ಬಲವಾದದ್ದು. ‘ಸಂಗೀತದ ಒಲವು ಯಾವಾಗ ಬಂತು?’ ಎಂದರೆ ಹುಡುಗಿ ‘ಏಳನೇ ವಯಸ್ಸಿಗೆ ಪಾಠಕ್ಕೆ...’ ಎನ್ನುತ್ತಿರುವಾಗಲೇ ಅಡುಗೆಮನೆ ಬಾಗಿಲಿಂದ ಅಮ್ಮ ‘ನಾಲ್ಕು’ ಎನ್ನುತ್ತಾರೆ. ಅಜ್ಜಿ ‘ತೊಟ್ಟಿಲಲ್ಲೇ ಕಣಪ್ಪಾ’ ಎನ್ನುತ್ತಾರೆ. ಅವರನ್ನು ಬೈದು ಪ್ರಯೋಜನವಿಲ್ಲ. ಮೈಸೂರಿನಲ್ಲಿ ಹುಟ್ಟಿದ ಚಿತ್ರವೀಣಾ ರವಿಕಿರಣ್ ಎರಡರ ಪ್ರಾಯಕ್ಕೇ ಮದ್ರಾಸಿನ ಮ್ಯೂಸಿಕ್ ಅಕಾಡೆಮಿಯಲ್ಲಿ ರಾಗ ಗುರುತಿಸಿ ತೋರಿಸಿದ್ದು 1969ರಲ್ಲಿ. ಅಂಥ ಪೂರ್ವನಿದರ್ಶನವಿರುವಾಗ ಯಾವ ಮರ್ಯಾದಸ್ಥ ಮನೆತನ ಏಳಕ್ಕೆ ಒಪ್ಪೀತು? ಇನ್ನು ತಾತ. ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನದ ರಾಮನವಮಿಯಲ್ಲಿ ಚೌಡಯ್ಯನವರ ಪಿಟೀಲು ಕೇಳಿದ್ದೇ ಮೊಮ್ಮಗಳ ಕಂಠಕ್ಕೆ ಮೂಲವೆಂದು ಅವರ ವಾದ. ಚೌಡಯ್ಯನವರು ತೀರಿಕೊಂಡದ್ದು 1967ರಲ್ಲಿ. ಈಗ ಎಪ್ಪತ್ತಾದ ತಾತ ಆಗ ಹನ್ನೊಂದು ಹನ್ನೆರಡರ ಹುಡುಗ. ಕೇಳಿರಬಹುದು. ತನಿ ಆವರ್ತನದ ಹೊತ್ತಿಗೆ ಜಮಖಾನೆಯ ಮೇಲೆ ನಿದ್ದೆ ಹೋಗಿದ್ದರೆಂದು ಹೇಳಲು ಅನುಮಾನ ಸಾಕು.

ಇಲ್ಲಿ ಪೂರ್ವಪಕ್ಷಿ ಎದ್ದು, ಹುಡುಗಿ ಇಲ್ಲದಿದ್ದರೆ ಟಿವಿಯವರು ಬರುತ್ತಿದ್ದರೇ ಎನ್ನುತ್ತಾನೆ. ತೇರು ಹರಿಯಬೇಕಾದರೆ ಉತ್ಸವಮೂರ್ತಿ ಬೇಕು, ನಿಜ. ತೇರು ಯಾವ ಬೀದಿಯಲ್ಲಿ ತಿರುಗಬೇಕೆಂದು ಮೂರ್ತಿಯನ್ನು ಕೇಳುವವರಿಲ್ಲ. ‘ಹಾಡುವಾಗಲಾದರೂ ಅವಳು ಸ್ವತಂತ್ರಳಲ್ಲವೇ?’ ಎಂಬ ಎರಡನೆಯ ಆಕ್ಷೇಪ ತುಸು ಗಟ್ಟಿ. ಆದರೆ ‘ಎರಡು ಸಾಲು ಹಾಡಿ ಮೇಡಂ’ ಎಂದಾಗ ಏನಾಗುತ್ತದೆ? ವಾರವಿಡೀ ಸಾಧನೆ ಮಾಡಿದ ತೋಡಿಯ ಆಲಾಪನೆಗೆ ಅವಳು ಬಾಯಿ ತೆರೆಯುತ್ತಾಳೆ. ಗಾಂಧಾರದ ಕಂಪನ ಹದಕ್ಕೆ ಬರುವ ಮೊದಲೇ ಕ್ಯಾಮೆರಾದವರು ಗಡಿಯಾರ ನೋಡುತ್ತಾರೆ. ಅಪ್ಪ ಕಣ್ಣಲ್ಲೇ ಸನ್ನೆ ಮಾಡುತ್ತಾರೆ. ಹೊರಬರುವುದು ಕಾಪಿಯ ‘ಜಗದೋದ್ಧಾರನ’. ಅದೂ ಅಮ್ಮನ ತುಟಿ ಬಾಗಿಲಲ್ಲಿ ಒಂದಕ್ಷರ ಮುಂದಿರುವಂತೆ.

ಪ್ರಸಾರವಾದಾಗ ಮನೆಯವರೆಲ್ಲ ಕತ್ತರಿಗೆ ಸಿಕ್ಕಿ, ಹುಡುಗಿಯೊಬ್ಬಳೇ ಉಳಿಯುತ್ತಾಳಲ್ಲ, ಸಿದ್ಧಾಂತ ಬಿತ್ತಲ್ಲ ಎಂಬುದು ಕೊನೆಯ ಆಕ್ಷೇಪ. ನೆಂಟರ ವಾಟ್ಸಾಪ್ ಗುಂಪನ್ನು ನೋಡದವರ ಮಾತಿದು. ಅಲ್ಲಿ ಶಿವಮೊಗ್ಗದ ಅತ್ತೆ ಕರ್ಟನ್ ಹೊಸದಾ ಎಂದು ಕೇಳಿದ್ದಾರೆ, ಚಿಕ್ಕಪ್ಪ ಗೋಡೆಯ ಫೋಟೋದಲ್ಲಿ ತಾನಿಲ್ಲದ್ದನ್ನು ಗಮನಿಸಿದ್ದಾರೆ, ದೊಡ್ಡಮ್ಮ ಜಾತಕ ಕಳಿಸಿ ಎಂದಿದ್ದಾರೆ. ‘ಎರಡನೇ ಸಂಗತಿಯಲ್ಲಿ ಶ್ರುತಿ ಕೊಂಚ ಇಳಿದಿತ್ತು’ ಎಂದು ಗುರುಗಳು ಫೋನ್ ಮಾಡಿದ್ದು ಹೌದು. ಅದನ್ನು ಅಪವಾದವೆಂದು ಬದಿಗಿಡಬಹುದು; ಅವರು ಮನೆಯವರಲ್ಲ.