ಅರ್ಜಿಗಿಂತ ಮೊಸಳೆ ಮೇಲು

ಬೆಂಗಳೂರಿನಲ್ಲಿ ರಸ್ತೆಗುಂಡಿ ಮುಚ್ಚಿಸಲು ಎರಡು ದಾರಿಗಳಿವೆ. ಒಂದು, ಅರ್ಜಿ ಕೊಡುವುದು. ಇನ್ನೊಂದು, ಗುಂಡಿಗೆ ಮೊಸಳೆ ಬಿಡುವುದು.

ಎರಡನೆಯದು ಪರೀಕ್ಷೆಗೆ ಕೂತು ಪಾಸಾದ ವಿಧಾನ. 2015ರ ಜೂನ್‌ನಲ್ಲಿ ಸುಲ್ತಾನ್‌ಪಾಳ್ಯದ ಮುಖ್ಯರಸ್ತೆಯಲ್ಲಿ ಸುಮಾರು 12 ಅಡಿ ಉದ್ದದ ಗುಂಡಿಯೊಂದು ನೀರು ತುಂಬಿಕೊಂಡು, ಊರಿನ ಹೊಸ ಕೆರೆ ತಾನೇ ಎಂಬ ಗತ್ತಿನಲ್ಲಿ ಮಲಗಿತ್ತು. ಮೈಸೂರಿನ ಕಾವಾ ಕಲಾಶಾಲೆಯಲ್ಲಿ ಓದಿದ ಕಲಾವಿದ ಬಾದಲ್ ನಂಜುಂಡಸ್ವಾಮಿ ಸುಮಾರು 6,000 ರೂಪಾಯಿ ಸ್ವಂತ ದುಡ್ಡು ಹಾಕಿ, 20 ಕಿಲೋ ತೂಗುವ ಮೊಸಳೆಯ ಪ್ರತಿಕೃತಿ ಮಾಡಿ ತಂದು ಅದರಲ್ಲಿ ಇಳಿಬಿಟ್ಟರು. ಫೋಟೊ ಊರು ದಾಟಿತು, ದೇಶ ದಾಟಿತು, ಗುಂಡಿ ಮುಚ್ಚಿತು. ಅರ್ಜಿಗೂ ಮೊಸಳೆಗೂ ಇರುವ ವ್ಯತ್ಯಾಸ ಇಷ್ಟೇ: ಅರ್ಜಿ ಕೊಟ್ಟರೆ ಸೀಲು ಬೀಳುತ್ತದೆ, ಮೊಸಳೆ ಬಿಟ್ಟರೆ ಡಾಂಬರು ಬೀಳುತ್ತದೆ.

ನಾಲ್ಕು ವರ್ಷದ ನಂತರ ಅದೇ ಕಲಾವಿದರು ಭೂಮಿ ಬಿಟ್ಟು ಆಕಾಶಕ್ಕೆ ಹೋದರು. 2019ರ ಸೆಪ್ಟೆಂಬರ್‌ನ ಮೊದಲ ವಾರ. ಚಂದ್ರಯಾನ-2ರ ವಿಕ್ರಮ್ ಲ್ಯಾಂಡರ್ ಚಂದ್ರನ ಮೇಲೆ ಇಳಿಯಲಿದೆ ಎಂದು ಇಸ್ರೋ ಇರುವ ಊರೇ ಉಸಿರು ಬಿಗಿಹಿಡಿದಿತ್ತು. ಆಗ ಬಂತು ಒಂದು ವಿಡಿಯೊ. ಗಗನಯಾತ್ರಿಯ ಉಡುಪು ತೊಟ್ಟ ನಟ ಪೂರ್ಣಚಂದ್ರ ಮೈಸೂರು, ಕುಳಿಬಿದ್ದ ನೆಲದ ಮೇಲೆ ತೇಲಿ ತೇಲಿ ಹೆಜ್ಜೆ ಇಡುತ್ತಿದ್ದಾರೆ. ನೋಡುತ್ತಿದ್ದವರು ಇನ್ನೇನು ಭಾವುಕರಾಗಬೇಕು, ಅಷ್ಟರಲ್ಲಿ ಪಕ್ಕದಲ್ಲೇ ಒಂದು ಆಟೊ ಹಾದುಹೋಗುತ್ತದೆ. ಅದು ಚಂದ್ರನಲ್ಲ, ಹೇರೋಹಳ್ಳಿ ಕಡೆಯ ತುಂಗಾನಗರದ ರಸ್ತೆ. ಪಾಪ, ವಿಕ್ರಮ್ ಕೊನೆಯ ಗಳಿಗೆಯಲ್ಲಿ ಸಂಪರ್ಕ ಕಳೆದುಕೊಂಡಿತು. ತುಂಗಾನಗರದ ಚಂದ್ರನ ಮೇಲೆ ಮಾತ್ರ ಪಾಲಿಕೆಯ ದುರಸ್ತಿ ತಂಡ ಸುಸೂತ್ರವಾಗಿ ಇಳಿಯಿತು.

ಆಡಳಿತದವರನ್ನು ನಿಯಮ ತೋರಿಸಿ ಎಬ್ಬಿಸಲಾಗದು, ನಗೆಪಾಟಲಾಗುವ ಭಯ ತೋರಿಸಿದರೆ ತಟ್ಟನೆ ಏಳುತ್ತಾರೆ ಎಂಬುದು ಹೀಗೆ ಬಡಾವಣೆಗಳಿಗೆಲ್ಲ ಖಾತ್ರಿಯಾಯಿತು. ಆದರೆ ಅಡ್ಡರಸ್ತೆಗೊಬ್ಬ ಕಲಾವಿದನನ್ನು ಎಲ್ಲಿಂದ ತರುವುದು?

ಅರ್ಜಿಯ ದಾರಿಯೂ ಸಲೀಸಲ್ಲ. ರಸ್ತೆ ಅಗೆಯುವವರು ಜಲಮಂಡಳಿಯವರು, ಬೆಸ್ಕಾಂನವರು, ಗ್ಯಾಸ್‌ನವರು, ಕೇಬಲ್‌ನವರು. ಮುಚ್ಚಬೇಕಾದವರು ಮಾತ್ರ ಯಾವಾಗಲೂ ಇನ್ನೊಬ್ಬರು. ಕಾರ್ಪೊರೇಟರ್ ಮನೆ ಮುಂದೆ ಹೋಗಿ ನಿಲ್ಲೋಣವೆಂದರೆ ಪಾಲಿಕೆಯ ಚುನಾಯಿತ ಸದಸ್ಯರ ಅವಧಿ 2020ರ ಸೆಪ್ಟೆಂಬರ್‌ನಲ್ಲೇ ಮುಗಿದುಹೋಯಿತು. ಚುನಾವಣೆಗೆ ಐದು ವರ್ಷ ಕಾದ ಜನರಿಗೆ 2025ರ ಸೆಪ್ಟೆಂಬರ್‌ನಲ್ಲಿ ಒಂದು ಪಾಲಿಕೆಯ ಬದಲು ಐದು ಪಾಲಿಕೆಗಳು ದೊರೆತವು. ಇನ್ನು ಮೇಲೆ ಗುಂಡಿಯೊಂದು ಎರಡು ಪಾಲಿಕೆಗಳ ಗಡಿಯಲ್ಲಿ ಬಿದ್ದರೆ ಅದನ್ನು ಕರ್ನಾಟಕ-ಮಹಾರಾಷ್ಟ್ರ ಗಡಿ ತಕರಾರಿಗೆ ಕೂತ ಮಹಾಜನ್ ಆಯೋಗದಂಥ ಇನ್ನೊಂದು ಆಯೋಗಕ್ಕೆ ಒಪ್ಪಿಸಬೇಕಾದೀತು.

ಹಾಗಾಗಿ ಬಡಾವಣೆಗಳು ಸ್ವಾವಲಂಬಿಗಳಾಗಿವೆ. ಅದರ ಮೊದಲ ಕುರುಹು ಹಂಪು.

ನಗರದ ಪಶ್ಚಿಮ ಭಾಗದ ಒಂದು ಬಡಾವಣೆಯ ಕ್ಷೇಮಾಭಿವೃದ್ಧಿ ಸಂಘದ ಸಭೆಯಲ್ಲಿ ಇದರ ಪೂರ್ಣ ದರ್ಶನವಾಗುತ್ತದೆ. ಕಾಲೇಜು ಹುಡುಗರು ಬೈಕಿನಲ್ಲಿ ರೊಯ್ಯನೆ ಹೋಗುತ್ತಾರೆ, ಹಂಪು ಬೇಕೇ ಬೇಕು ಎಂದು ಎಲ್ಲರೂ ಕೈ ಎತ್ತುತ್ತಾರೆ. ನಿವೃತ್ತ ಇಂಜಿನಿಯರೊಬ್ಬರು ಮಾತ್ರ ಎದ್ದು ನಿಲ್ಲುತ್ತಾರೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಐಆರ್‌ಸಿ-99 ಎಂಬ ಸಂಹಿತೆ ಇದೆ, ಅದರ ಪ್ರಕಾರ ಹಂಪು 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ ಇರಬೇಕು, ಗಂಟೆಗೆ 25 ಕಿಲೋಮೀಟರ್ ವೇಗದಲ್ಲಿ ಬಂದವನು ಬೆನ್ನು ಮುರಿದುಕೊಳ್ಳದೆ ದಾಟಬೇಕು ಎಂದು ವಿವರಿಸುತ್ತಾರೆ. ಸಭೆ ಗೌರವದಿಂದ ಕೇಳುತ್ತದೆ. ಆಮೇಲೆ ಸಂಪಾದಕೀಯ ಬರೆಯಬಹುದಾದ ಪ್ರಶ್ನೆ ಬರುತ್ತದೆ: ಯಾರ ಮನೆ ಮುಂದೆ?

ಹಂಪು ಎಲ್ಲರಿಗೂ ಬೇಕು, ಗೇಟಿನ ಮುಂದೆ ಯಾರಿಗೂ ಬೇಡ. ರಾತ್ರಿಯೆಲ್ಲ ಬ್ರೇಕಿನ ಸದ್ದು, ಲಾರಿ ಗೇರು ಬದಲಿಸುವ ನರಳಾಟ. ಒಬ್ಬರಿಗೆ ಬಿಪಿ, ಇನ್ನೊಬ್ಬರ ಮನೆಯಲ್ಲಿ ಬಾಣಂತಿ, ಮತ್ತೊಬ್ಬರಿಗೆ ವಾಸ್ತು. ಕೊನೆಗೆ, ಮಾಲೀಕರು ಅಮೆರಿಕದಲ್ಲಿರುವ ಖಾಲಿ ಸೈಟಿನ ಮುಂದೆ ಎಂದು ಸರ್ವಾನುಮತದ ತೀರ್ಮಾನವಾಗುತ್ತದೆ. ಹಾಜರಿಲ್ಲದವರ ಒಪ್ಪಿಗೆಯಷ್ಟು ಸುಲಭವಾಗಿ ಸಿಗುವುದು ಪ್ರಜಾಪ್ರಭುತ್ವದಲ್ಲಿ ಬೇರೊಂದಿಲ್ಲ. ಅದೇ ವಾರ ಯಾರದೋ ಮನೆಯ ತಾರಸಿಗೆ ಹಾಕಿ ಉಳಿದ ಕಾಂಕ್ರೀಟು ರಾತ್ರೋರಾತ್ರಿ ರಸ್ತೆಗೆ ಬೀಳುತ್ತದೆ. ಒಂದು ಅಡಿ ಅಗಲ, ಎತ್ತರ ಮಾತ್ರ ಧಾರಾಳ. ಸಂಹಿತೆಯ ಇಂಜಿನಿಯರು ಮಾರನೆಯ ಬೆಳಿಗ್ಗೆ ಅದನ್ನು ನೋಡಿ ನಿಟ್ಟುಸಿರು ಬಿಟ್ಟು, ಸ್ವಂತ ಖರ್ಚಿನಲ್ಲಿ ಬಿಳಿ ಪಟ್ಟೆ ಬಳಿಯುತ್ತಾರೆ. ಬಣ್ಣದ ಮಟ್ಟಿಗಾದರೂ ಐಆರ್‌ಸಿ ಉಳಿಯಲಿ ಎಂದು.

ಎರಡನೆಯ ಕುರುಹು ಗೋಡೆಯ ಮೇಲೆ. ಮೂತ್ರ ಮಾಡುವವರನ್ನು ತಡೆಯಲು ಕಾಂಪೌಂಡು ಗೋಡೆಗೆ ದೇವರ ಟೈಲ್ಸ್ ಅಂಟಿಸುವ ಪದ್ಧತಿ ಎಲ್ಲರಿಗೂ ಗೊತ್ತಿದ್ದದ್ದೇ. ಗಣಪತಿ, ಶಿಲುಬೆ, ಮೆಕ್ಕಾದ ಚಿತ್ರ ಮೂರೂ ಒಂದೇ ಸಾಲಿನಲ್ಲಿ ಬೇರೆಲ್ಲಿ ಕಾಣುತ್ತವೆ? ಭಯಭಕ್ತಿಯ ಈ ತತ್ತ್ವವನ್ನು ಸರ್ಕಾರವೂ ಒಪ್ಪಿಕೊಂಡಿದೆ. 2019ರ ಕೊನೆಯಲ್ಲಿ ನಗರದ ಸಂಚಾರ ಪೊಲೀಸರು ಕೆಲವು ವೃತ್ತಗಳಲ್ಲಿ ಸಮವಸ್ತ್ರ, ಟೋಪಿ, ಕಪ್ಪು ಕನ್ನಡಕ ಹಾಕಿದ ಬಟ್ಟೆಯಂಗಡಿ ಬೊಂಬೆಗಳನ್ನು ನಿಲ್ಲಿಸಿದರು. ಕಾಫಿಗೂ ಕದಲದ ಕಾನ್‌ಸ್ಟೆಬಲ್ಲುಗಳು.

ಸದ್ದಿಲ್ಲದೆ ಕೆಲಸ ಮಾಡಿದವರೂ ಇದ್ದಾರೆ, ಅವರನ್ನು ಬಿಟ್ಟರೆ ಅನ್ಯಾಯವಾದೀತು. 2010ರಿಂದ 'ದಿ ಅಗ್ಲಿ ಇಂಡಿಯನ್' ಹೆಸರಿನ ಅನಾಮಧೇಯ ಗುಂಪು ಚರ್ಚ್ ಸ್ಟ್ರೀಟಿನಿಂದ ಶುರುಮಾಡಿ, ಕಸ ಸುರಿಯುವ ಮೂಲೆಗಳನ್ನು ಒಂದೊಂದಾಗಿ ಗುಡಿಸಿ ಬಣ್ಣ ಬಳಿದು ಗಿಡದ ಕುಂಡ ಇಟ್ಟು ಹೊರಡುತ್ತಿತ್ತು. ಹೆಸರಿಲ್ಲ, ಭಾಷಣವಿಲ್ಲ, ಹಾರ ತುರಾಯಿಯಿಲ್ಲ. 'ಕಾಮ್ ಚಾಲೂ, ಮೂಹ್ ಬಂದ್' ಎಂಬುದು ಅವರ ಘೋಷಣೆ. ಮೂಲೆ ಗಲೀಜಾಗಿದ್ದರೆ ಇನ್ನಷ್ಟು ಗಲೀಜು ಮಾಡುವ ಕೈ, ಚೊಕ್ಕಟವಾಗಿದ್ದರೆ ಹಿಂಜರಿಯುತ್ತದೆ ಎಂದು ಅವರು ಕಂಡುಕೊಂಡರು. ಇದರಲ್ಲಿ ಬಹುಪಾಲು ನಿಜವಿದೆ. ಪೂರ್ತಿ ನಿಜವಿದ್ದಿದ್ದರೆ ಮುಂದಿನ ಕಥೆಯೇ ಇರುತ್ತಿರಲಿಲ್ಲ.

ಕಸದ ವಿಷಯದಲ್ಲಿ ಬೆಂಗಳೂರಿಗೆ ನಾಚಿಕೆಯ ಪಾಠ ಮೊದಲು ಮಾಡಿದವರು ಹಳ್ಳಿಯವರು. ಮಾವಳ್ಳಿಪುರದವರು, ಮಂಡೂರಿನವರು 'ನಿಮ್ಮ ಕಸ ನಮ್ಮೂರಿಗೆ ಯಾಕೆ' ಎಂದು ಲಾರಿಗಳಿಗೆ ಅಡ್ಡ ನಿಂತಾಗ, 2012ರಲ್ಲಿ ನಗರದ ಬೀದಿಗಳಲ್ಲೇ ಕಸ ಗುಡ್ಡೆಬಿತ್ತು. ಹಸಿ ಕಸ, ಒಣ ಕಸ ಎಂಬ ಎರಡು ಜಾತಿಗಳಿವೆಯೆಂದು ಎಷ್ಟೋ ಮನೆಗಳಿಗೆ ತಿಳಿದದ್ದು ಆಮೇಲೆಯೇ. ಬಳಿಕ ಹೈಕೋರ್ಟಿನ ಆದೇಶ, ಹಸಿರು ಬುಟ್ಟಿ, ಕೆಂಪು ಬುಟ್ಟಿ, ಒಣ ಕಸಕ್ಕೊಂದು ಚೀಲ ಎಲ್ಲ ಬಂದವು. ಬೆಳಿಗ್ಗೆ ಆಟೊ ಟಿಪ್ಪರು ಹಾಡು ಹಾಕಿಕೊಂಡು ಮನೆ ಬಾಗಿಲಿಗೇ ಬರತೊಡಗಿತು. ಅದು ಬಂದಾಗ ಕೊಡದೆ, ಆಫೀಸಿಗೆ ಹೋಗುವಾಗ ಸ್ಕೂಟರಿನ ಮುಂದೆ ಚೀಲ ಇಟ್ಟುಕೊಂಡು, ಮೂರನೇ ಕ್ರಾಸಿನ ತಿರುವಿನಲ್ಲಿ ವೇಗ ತಗ್ಗಿಸದೆ ಎಸೆಯುವ ಕೌಶಲವನ್ನೂ ನಗರ ಬೆಳೆಸಿಕೊಂಡಿತು. ಆ ತಿರುವುಗಳಿಗೆ ಬ್ಲ್ಯಾಕ್ ಸ್ಪಾಟ್ ಎಂದು ಹೆಸರಾಯಿತು. ಪೌರಕಾರ್ಮಿಕ ಮಹಿಳೆಯರು ಗುಡಿಸಿ, ನೀರು ಚಿಮುಕಿಸಿ, ರಂಗೋಲಿ ಹಾಕಿ ನೋಡಿದರು. ರಂಗೋಲಿ ತುಳಿಯಬಾರದು ಎಂದು ಕಲಿತವರು ಸ್ವಲ್ಪ ಪಕ್ಕಕ್ಕೆ ಎಸೆದರು.

ಕೊನೆಗೆ 2025ರ ಅಕ್ಟೋಬರ್ ಮುಗಿಯುವ ಹೊತ್ತಿಗೆ ನಗರದ ಘನತ್ಯಾಜ್ಯ ನಿರ್ವಹಣಾ ಸಂಸ್ಥೆ ನಾಚಿಕೆ ಎಂಬ ನಾಗರಿಕರ ಅಸ್ತ್ರವನ್ನೇ ತಿರುಗಿಸಿ ಹಿಡಿಯಿತು. ಬೀದಿಗೆ ಕಸ ಎಸೆಯುವವರನ್ನು ಮಾರ್ಷಲ್‌ಗಳಿಂದ ವಿಡಿಯೊ ಮಾಡಿಸಿ, ಅವರವರ ಮನೆ ಪತ್ತೆಮಾಡಿ, ಬಾಗಿಲ ಮುಂದೆಯೇ ಕಸ ತಂದು ಸುರಿಯಿತು. ಮೇಲೆ ದಂಡ ಬೇರೆ. 'ಕಸ ಸುರಿಯುವ ಹಬ್ಬ' ಎಂಬ ಹೆಸರೂ ಆಯಿತು. ಯುಗಾದಿ, ಗೌರಿಗಣೇಶ ಆದಮೇಲೆ ಕ್ಯಾಲೆಂಡರಿನಲ್ಲಿ ಅದಕ್ಕೂ ಒಂದು ಜಾಗ ಬೇಕು.

ಹಂಪು ಹಾಕಿಸಿದ ಬಡಾವಣೆಯ ಸಂಘದಲ್ಲಿ ಈ ಹಬ್ಬದ ಬಗ್ಗೆ ಬಿಸಿ ಬಿಸಿ ಚರ್ಚೆ ನಡೆಯಿತು. ಮರ್ಯಾದಸ್ಥರ ಮನೆ ಮುಂದೆ ಹೀಗೆ ಮಾಡಬಹುದೇ ಎಂದರು ಕೆಲವರು. ನಮ್ಮಲ್ಲಿ ಅಂಥವರು ಯಾರೂ ಇಲ್ಲವಲ್ಲ, ನಿಮಗ್ಯಾಕೆ ಚಿಂತೆ ಎಂದರು ಕಾರ್ಯದರ್ಶಿ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಹಿಂದಿನ ಸಾಲಿನಿಂದ ಒಬ್ಬರು, ಕೇವಲ ಮಾಹಿತಿಗಾಗಿ ಕೇಳುತ್ತಿದ್ದೇನೆ ಎಂದು ಪೀಠಿಕೆ ಹಾಕಿ, "ತಂದು ಸುರಿಯೋವಾಗ ಹಸಿ, ಒಣ ಬೇರೆ ಮಾಡಿ ಸುರೀತಾರಾ?" ಎಂದು ವಿಚಾರಿಸಿದರು.